ಪಚ್ಚೆಬಂಡೆಯ ಮಹಜರು

ಶನಿವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಬಂಗಾರಪೇಟೆಯ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಒಂದು ಕ್ಯಾಮರಾ, ಐದು ಮೀಟರಿನ ಟೇಪು, ಎರಡು ಡಬ್ಬಿ ಸೀಮೆಸುಣ್ಣ, ಒಂದು ದಿಕ್ಸೂಚಿ ಮತ್ತು ನಾಲ್ಕು ದಿನಕ್ಕೆ ಮಾತ್ರ ಸಲ್ಲುವ ಅನುಮತಿ ಪತ್ರ ಇದ್ದವು. ಫೆಬ್ರವರಿಯ ಕೊನೆಯ ವಾರ. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಿಟಕಿಯ ಕಂಬಿ ಮುಟ್ಟಿದರೆ ತಣ್ಣಗಿತ್ತು. ಎದುರು ಕೂತಿದ್ದ ಹೂವಿನ ವ್ಯಾಪಾರಿ ಹೆಂಗಸು ಎಲ್ಲಿಗೆ ಎಂದು ಕೇಳಿದರು. ಬೂದಿಕೋಟೆ ಕಡೆಗೆ, ಹಳೆಯ ತಾಮ್ರದ ಗಣಿ ನೋಡಲು ಎಂದೆ.

"ಕೋಲಾರದ್ ಕಡೆ ತಾಮ್ರವಾ? ನಿಮ್ಗೆ ಯಾರೋ ಸರ್ಯಾಗಿ ಏಳಿಲ್ಲ ಕಣಮ್ಮ. ಅಲ್ಲಿದ್ದಿದ್ದು ಚಿನ್ನ. ಅದೂ ಈಗಿಲ್ಲ," ಎಂದು ನಕ್ಕು, ಮಾಲೂರಿನಲ್ಲಿ ಇಳಿದು ಹೋದರು.

ಇತಿಹಾಸಪೂರ್ವ ಕಾಲದ ಗಣಿಗಳನ್ನು ಹುಡುಕಿ, ಅಳೆದು, ದಾಖಲಿಸುವುದು ನನ್ನ ಕೆಲಸ. ಬೂದಿಕೋಟೆಯಿಂದ ಆರು ಕಿಲೋಮೀಟರ್ ಆಚೆ ಒಂದು ಬಂಡೆಯ ಬುಡದಲ್ಲಿ ಹಳೆಯ ಗುಂಡಿ ಇದೆ, ಅದರ ಅಂಚಿನ ಕಲ್ಲು ಹಸಿರಾಗಿದೆ ಎಂದು ಕೇಳಿ, ವರ್ಷದ ಹಿಂದೆ ಒಮ್ಮೆ ಹೋಗಿ ಮೇಲಿನಿಂದ ನೋಡಿ ಬಂದಿದ್ದೆ. ತಾಮ್ರದ ಅದಿರು ಗಾಳಿ, ನೀರಿಗೆ ಸಿಕ್ಕಿದರೆ ಹಾಗೆ ಹಸಿರಾಗುತ್ತದೆ. ಆದರೆ ಹಸಿರು ಕಲೆ ಇದ್ದ ಮಾತ್ರಕ್ಕೆ ಅದು ಹಳೆಯ ಗಣಿಯಾಗುವುದಿಲ್ಲ. ಅಗೆದವರು ಯಾವ ಕಾಲದವರು ಎಂದು ಹೇಳಬಲ್ಲದ್ದು ಒಳಗಿನ ನೆಲದಲ್ಲಿ ಸಿಗಬಹುದಾದ ಇದ್ದಿಲು. ಕಬ್ಬಿಣ ಇಲ್ಲದ ಕಾಲದಲ್ಲಿ ಬಂಡೆಗೆ ಬೆಂಕಿ ಹಾಕಿ, ಕಾದ ಮೇಲೆ ನೀರೆರಚಿ, ಸೀಳಿದ್ದನ್ನು ಗುಂಡುಕಲ್ಲಿನಿಂದ ಒಡೆಯುತ್ತಿದ್ದರು. ಆ ಬೆಂಕಿಯ ಒಂದು ಹಿಡಿ ಇದ್ದಿಲು ಸಿಕ್ಕರೆ ಪ್ರಯೋಗಾಲಯದಲ್ಲಿ ಅದರ ಕಾಲ ತಿಳಿಯುತ್ತದೆ. ಕಾಲ ತಿಳಿದರೆ ಗುಂಡಿಯನ್ನು ಉಳಿಸಿಕೊಳ್ಳಿ ಎಂದು ಸರ್ಕಾರಕ್ಕೆ ಬರೆಯಬಹುದು.

ಅದಕ್ಕೆ ಸಮಯ ಕಡಿಮೆ ಇತ್ತು. ಕಳೆದ ಮಳೆಗಾಲದಲ್ಲಿ ಹಸುವೊಂದು ಗುಂಡಿಗೆ ಬಿದ್ದು ಸತ್ತಿತ್ತು. ಆಮೇಲೆ ಊರವರ ಅರ್ಜಿಯ ಮೇಲೆ ಅದನ್ನು ಮುಚ್ಚಲು ಗ್ರಾಮ ಪಂಚಾಯಿತಿ ತೀರ್ಮಾನಿಸಿತ್ತು. ಬುಧವಾರ ಜೆಸಿಬಿ ಬರುವುದಿತ್ತು. ಅದಕ್ಕೆ ಮುಂಚಿನ ನಾಲ್ಕು ದಿನ ನನಗೆ ಕೊಟ್ಟಿದ್ದರು. ಊರಿನ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಹಳೆಯ ಗುಂಡಿ ಎಂಬ ಮಾತು ಕಿವಿಗೆ ಬಿದ್ದರೆ ನಿಧಿ ಅಗೆಯುವವರು ಹಾರೆ ಹಿಡಿದು ಬರುತ್ತಾರೆ. ಬಂಡೆಯನ್ನು ಪಚ್ಚೆಬಂಡೆ ಎಂದು ಕರೆಯುತ್ತೇನೆ. ಅದು ನಾನಿಟ್ಟ ಹೆಸರು.

ಬಂಗಾರಪೇಟೆಯಲ್ಲಿ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಚೀಲ ಇಟ್ಟು, ಮಾರಿಕುಪ್ಪಂ ಪ್ಯಾಸೆಂಜರ್ ಹಿಡಿದು, ಕೋಲಾರ ಚಿನ್ನದ ಗಣಿಯ ಊರಿಗಾಂನಲ್ಲಿ ಇಳಿದೆ. ಗಣಿಯ ಒಳಗೆ ದುಡಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು ಎಂಬುದು ನನ್ನ ಯೋಚನೆಯಾಗಿತ್ತು. ಪುರಾತತ್ವದವರು ಮೇಲಿನಿಂದ ಕೆಳಗೆ ಅಗೆಯುತ್ತೇವೆ. ತಲೆಯ ಮೇಲೆ ಬಂಡೆ ಇಟ್ಟುಕೊಂಡು ಕೆಲಸ ಮಾಡಿ ನಮಗೆ ಅಭ್ಯಾಸವಿಲ್ಲ. ಸ್ನೇಹಿತರೊಬ್ಬರು ಅರುಳಪ್ಪನವರ ಹೆಸರು ಹೇಳಿದ್ದರು. ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಬೂದು ಧೂಳು ಗಾಳಿಗೆ ಏಳುತ್ತಿತ್ತು. ಕಾರ್ಮಿಕರ ಲೈನಿನಲ್ಲಿ ಮನೆ ಸಿಗಲು ಮೂರು ಕಡೆ ವಿಚಾರಿಸಬೇಕಾಯಿತು. ತಗಡಿನ ಸೂರು, ಮುಂದೆ ಒಂದು ಕರಿಬೇವಿನ ಗಿಡ, ಬಾಗಿಲಲ್ಲಿ ಶಿಲುಬೆ. ಎಪ್ಪತ್ತೆರಡು ವರ್ಷದ, ಸಣ್ಣ ಮೈಕಟ್ಟಿನ ಮನುಷ್ಯ. ಮೂವತ್ತು ವರ್ಷ ಗಣಿಯ ಒಳಗೆ ಕೆಲಸ ಮಾಡಿದವರು.

"ನಮ್ದು ಅಗೆಯೋ ಕೆಲ್ಸ ಅಲ್ಲ ಮೇಡಂ. ಅಗೆಯೋರು ಬೇರೆ. ನಾನು ಪ್ಯಾಕ್ ಕಟ್ಟೋನು," ಎಂದರು. ಅದಿರು ತೆಗೆದು ಖಾಲಿಯಾದ ಜಾಗದಲ್ಲಿ ಮೇಲಿನ ಬಂಡೆ ಕುಸಿಯದ ಹಾಗೆ ಕಲ್ಲುಗಳನ್ನು ಸುಣ್ಣ, ಗಾರೆ ಇಲ್ಲದೆ ಜೋಡಿಸಿ ಗೋಡೆ ಎಬ್ಬಿಸುತ್ತಿದ್ದರಂತೆ. ಅದೇ ಪ್ಯಾಕ್. ದಿನಾ ಕೆಲಸ ಶುರು ಮಾಡುವ ಮೊದಲು ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟಿ ಕೇಳಬೇಕು. ಗಟ್ಟಿ ಬಂಡೆ ಗಂಟೆಯ ಹಾಗೆ ನುಡಿಯುತ್ತದೆ. ಬಿರುಕು ಬಿಟ್ಟದ್ದು ಖಾಲಿ ಡಬ್ಬದ ಹಾಗೆ.

ಅವರ ಹೆಂಡತಿ ಚಹಾ ಲೋಟ ಇಡುತ್ತಾ, "ಮೈನ್ ಮುಚ್ಚಿ ಇಪ್ಪತ್ ವರ್ಷದ್ ಮೇಲಾಯ್ತು. ಇವರ ಕಿವಿ ಮಾತ್ರ ಇನ್ನೂ ಒಳಗೇ ಇದೆ. ಮೊಮ್ಮಗಳಿಗೆ ಗಂಡು ನೋಡಕ್ಕೆ ಹೋದ್ರೆ ಅವರ ಮನೆ ಗೋಡೆ ತಟ್ಟಿ ನೋಡಿದ್ರು," ಎಂದರು.

"ಗೋಡೆ ಚೆನ್ನಾಗಿರಲಿಲ್ಲ," ಎಂದರು ಅರುಳಪ್ಪ, ನಗದೆ.

ಮರುದಿನ ಭಾನುವಾರ. ಚರ್ಚಿಗೆ ಹೋಗಬೇಕು, ಸೋಮವಾರ ಬರುತ್ತೇನೆ ಎಂದರು. ಬೀಳ್ಕೊಡುವಾಗ ಒಂದೇ ಮಾತು ಹೇಳಿದರು: "ನಾನ್ ಬರೋ ತನಕ ಬಂಡೆ ಕೆಳಗೆ ತಲೆ ಇಡಬೇಡಿ." ಹಾಗೇ ಆಗಲಿ ಎಂದೆ. ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ ಕೂಡ.

ಭಾನುವಾರ ಏಳೂವರೆಯ ಬಸ್ಸಿಗೆ ಬೂದಿಕೋಟೆಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಊರು ಮುಟ್ಟಿದೆ. ದಾರಿಯುದ್ದಕ್ಕೂ ಮಾವು ಹೂ ಬಿಟ್ಟಿತ್ತು. ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದ ವೆಂಕಟಮ್ಮ ನನಗೆ ಸಿಕ್ಕರು. ಐವತ್ತರ ಆಸುಪಾಸು, ಕೂಲಿಗೆ ಹೋಗುವವರು, ಮನೆಯಲ್ಲಿ ಈಗ ಒಂದು ಹಸು, ಒಂದು ಕರು. ಗುಂಡಿಯಲ್ಲಿ ಸತ್ತದ್ದು ಅವರದೇ ಇನ್ನೊಂದು ಹಸು.

"ಬನ್ನಿ ಮೇಡಮ್ಮ, ನೋಡ್ಕಳಿ, ಚೆನ್ನಾಗ್ ನೋಡ್ಕಳಿ. ಬುದುವಾರ ಮುಚ್ಚೋದ್ ಮುಚ್ಚೋದೇ. ಗಬ್ಬದ್ ಅಸ ನಂದು. ಒಂದ್ ದಿವ್ಸ ಪೂರಾ ಅದರೊಳಗೆ ಕೂಗ್ತು. ಅಗ್ಗ ಆಕಿ ಎತ್ತಾಕೆ ಊರೆಲ್ಲ ಬಂತು, ಆಗ್ಲಿಲ್ಲ."

ಇದನ್ನು ಹೇಳುವಾಗ ಅವರು ಮನೆಯ ಮುಂದೆ ಕರುವನ್ನು ಕಟ್ಟುತ್ತಿದ್ದರು. ಗೂಟ ಇರಲಿಲ್ಲ. ಹಗ್ಗದ ತುದಿಯನ್ನು ಒಂದು ಕಲ್ಲಿಗೆ ಸುತ್ತಿದ್ದರು. ನಾನು ಕೂತು ನೋಡಿದೆ. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಕಪ್ಪು ಕಲ್ಲು, ಎರಡೂ ತುದಿ ಜಜ್ಜಿ ಸವೆದದ್ದು, ನಡುವಿನ ಸುತ್ತ ಬೆರಳಗಲದ ಹಳ್ಳ. ಹಳೆಯ ಗಣಿಗಾರರು ಅಂಥ ಹಳ್ಳಕ್ಕೆ ಹಸಿ ಬಳ್ಳಿ ಬಿಗಿದು ಹಿಡಿಕೆ ಕಟ್ಟಿ ಸುತ್ತಿಗೆ ಮಾಡಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ನಾನು ಮ್ಯೂಸಿಯಮ್ಮಿನ ಹೊರಗೆ, ಕೆಲಸದಲ್ಲಿರುವುದನ್ನು ನೋಡಿದ ಮೊದಲ ಗಣಿ ಸುತ್ತಿಗೆ ಅದು. ಇದು ಎಲ್ಲಿ ಸಿಕ್ಕಿತು ಎಂದು ಕೇಳಿದೆ.

"ಗುಂಡಿ ತಾವ. ನಮ್ಮತ್ತೆ ಕಾಲದಿಂದ್ಲೂ ಐತೆ. ಅಗ್ಗ ಕಟ್ಟಾಕೆ ಅಂತ್ಲೇ ಯಾರೋ ಮಾಡವ್ರೆ ನೋಡಿ, ಜಾರಾಕಿಲ್ಲ."

ಅದಕ್ಕಲ್ಲ, ಬಂಡೆ ಒಡೆಯಲು ಎಂದೆ. ವೆಂಕಟಮ್ಮ ಕಲ್ಲನ್ನು ನೋಡಿದರು, ಕರುವನ್ನು ನೋಡಿದರು. "ಒಡೀಲಿ ಬುಡಿ. ಈಗ ನಮ್ ಕರಾ ಇಡ್ಕೊಂಡೈತೆ." ನಾನು ಅದನ್ನು ಕೇಳಿ ಪಡೆಯಲಿಲ್ಲ, ಇದ್ದಲ್ಲೇ ನಾಲ್ಕು ದಿಕ್ಕಿನಿಂದ ಚಿತ್ರ ತೆಗೆದುಕೊಂಡೆ. ಕರು ಎರಡರಲ್ಲಿ ಬಾಯಿ ಹಾಕಿದೆ.

ಗುಂಡಿ ಊರಿನಿಂದ ಹದಿನೈದು ನಿಮಿಷದ ನಡಿಗೆ. ಬಂಡೆಯ ಮುಂದೆ ಎರಡು ಮೀಟರ್ ಆಳದ ತೆರೆದ ಕುಳಿ. ಅಂಚಿನಲ್ಲಿ ಹುಲ್ಲು, ಲಂಟಾನ ಬೆಳೆದು ಬಾಯಿ ಎಲ್ಲಿ ಶುರುವಾಗುತ್ತದೆ ಎಂದೇ ಕಾಣದು. ಹಸು ಬಿದ್ದದ್ದು ಅಲ್ಲಿ. ಕುಳಿಯ ತಳದಿಂದ ಬಂಡೆಯ ಕೆಳಗೆ ಒಂದು ಪೊಟರೆ ಒಳಕ್ಕೆ ಹೋಗುತ್ತದೆ. ಬಾಯಿ ಎರಡು ಮೀಟರ್ ಅಗಲ, ನನ್ನ ಎದೆಯೆತ್ತರ. ಬಲಕ್ಕೆ ಖಾಲಿ, ಎಡಕ್ಕೆ ನೆಲದಿಂದ ಮೇಲಿನ ಬಂಡೆಯವರೆಗೂ ಕಲ್ಲು ತುಂಬಿತ್ತು. ಒಳಗೋಡೆ ಬಟ್ಟಲಿನ ಹಾಗೆ ನುಣ್ಣಗೆ ಬಾಗಿ ಕೆಂಪಗಿತ್ತು. ಉಳಿ ಹೊಡೆದ ಗೋಡೆ ಹಾಗಿರುವುದಿಲ್ಲ. ಬೆಂಕಿ ತಿಂದ ಗೋಡೆ ಹಾಗಿರುತ್ತದೆ. ಒಂದು ಬಿರುಕಿನಲ್ಲಿ ಪಾಚಿಯೇನೋ ಎನ್ನುವಂಥ ಹಸಿರು. ಬೆರಳಿಂದ ಉಜ್ಜಿದೆ, ಹೋಗಲಿಲ್ಲ. ನನ್ನ ಕುತೂಹಲ ಆಗಲೇ ನನ್ನ ಕೈ ಮೀರಿತ್ತು ಎಂದು ಈಗ ಅನ್ನಿಸುತ್ತದೆ.

ನಾನು ಮಾಡಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಎಡಗಡೆ ತುಂಬಿದ್ದ ಕಲ್ಲನ್ನು ನಾನು ಕಸ ಎಂದುಕೊಂಡೆ. ಅದಿರು ಆರಿಸಿಕೊಂಡು ಬೇಡವಾದದ್ದನ್ನು ಹಿಂದಕ್ಕೆ ಎಸೆದಿದ್ದಾರೆ, ಅದರ ಬುಡದಲ್ಲಿ ಮಳೆನೀರು ತಾಗದ ನೆಲ ಇದೆ, ಇದ್ದಿಲು ಇದ್ದರೆ ಅಲ್ಲೇ ಎಂದು ಲೆಕ್ಕ ಹಾಕಿದೆ. ಅರುಳಪ್ಪ ಬಂಡೆಯ ಕೆಳಗೆ ತಲೆ ಇಡಬೇಡಿ ಎಂದಿದ್ದರು. ನಾನು ಇಡಲಿಲ್ಲ. ತೆರೆದ ಕುಳಿಯಲ್ಲಿ, ಆಕಾಶದ ಕೆಳಗೆ ನಿಂತು, ಕೈ ಚಾಚಿ ಅಂಚಿನ ಕಲ್ಲುಗಳನ್ನು ಒಂದೊಂದಾಗಿ ತೆಗೆದೆ. ಪ್ರತಿಯೊಂದಕ್ಕೂ ತೆಗೆಯುವ ಮೊದಲು ಚಿತ್ರ, ತೆಗೆದ ಮೇಲೆ ಸೀಮೆಸುಣ್ಣದ ಸಂಖ್ಯೆ. ದೊಡ್ಡವನ್ನು ವೆಂಕಟಮ್ಮ ಜೊತೆಗೆ ಹಿಡಿದರು. ಮೇಲೆ ಹುಲ್ಲಿನಲ್ಲಿ ಸಾಲಾಗಿ ಇಟ್ಟೆವು. ಸಂಜೆಯ ಹೊತ್ತಿಗೆ ನಲವತ್ತೊಂದು.

ಹದಿನೇಳನೆಯ ಕಲ್ಲಿನ ಎದುರು ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ: "ಉದ್ದ ಕಲ್ಲುಗಳು. ಒಂದು ಸಾಲು ಅಡ್ಡ, ಒಂದು ಸಾಲು ಉದ್ದ. ಸಂದಿನಲ್ಲಿ ಸಣ್ಣ ಚಕ್ಕೆ." ಎಸೆದ ಕಸ ಒಂದು ಸಾಲು ಅಡ್ಡ, ಒಂದು ಸಾಲು ಉದ್ದ ಬೀಳುವುದಿಲ್ಲ. ನಾನು ಅದನ್ನು ನೋಡಿದೆ, ಬರೆದೆ, ಮುಂದಿನ ಕಲ್ಲಿಗೆ ಕೈ ಹಾಕಿದೆ.

ಮೂವತ್ತೆಂಟನೆಯದು ಬಂದ ಮೇಲೆ ಹಿಂದಿನ ನೆಲದಲ್ಲಿ ಕರಿಯ ಗೆರೆ ಕಾಣಿಸಿತು. ನನ್ನ ತೋಳಿಗೆ ಇನ್ನೊಂದು ಅಡಿ ದೂರದಲ್ಲಿ. ತಲೆ ಒಳಗಿಟ್ಟಿದ್ದರೆ ಸಿಗುತ್ತಿತ್ತು. ಕೊಟ್ಟ ಮಾತು ನೆನಪಾಗಿ ಹಿಂದೆ ಸರಿದೆ. ಅಂದು ವೆಂಕಟಮ್ಮನ ಮನೆಯಲ್ಲಿ ಮುದ್ದೆ, ಹುರುಳಿ ಸಾರು ಉಂಡು, ಐದೂವರೆಯ ಬಸ್ಸಿಗೆ ಬಂಗಾರಪೇಟೆಗೆ ಮರಳಿದೆ. ನಿಲ್ದಾಣದ ಬಳಿ ನೀರಿನಷ್ಟೇ ತಿಳಿಯಾದ ಪಾನಿಯ ಪಾನಿಪುರಿ ತಿಂದೆ. ಬಣ್ಣವಿಲ್ಲದ್ದು ಅಷ್ಟು ಖಾರವಿರುತ್ತದೆ ಎಂದು ಎಣಿಸಿರಲಿಲ್ಲ. ನಾನು ಸಂತೋಷವಾಗಿದ್ದೆ.

ಸೋಮವಾರ ಅರುಳಪ್ಪನವರು ಒಂಬತ್ತು ಗಂಟೆಗೆ ಬೂದಿಕೋಟೆ ಬಸ್ಸಿನಿಂದ ಇಳಿದರು. ಕೈಯಲ್ಲಿ ನಾಲ್ಕಡಿಯ ಹಾರೆ, ತಲೆಯ ಮೇಲೆ ಕಂಪನಿಯ ಕಾಲದ ಹೆಲ್ಮೆಟ್. ವೆಂಕಟಮ್ಮ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಏನ್ ತಾತ, ಯುದ್ದಕ್ಕಾ?" ಎಂದರು.

"ನಿಮ್ ಊರಲ್ಲಿ ತೆಂಗಿನಕಾಯಿ ಬೀಳುತ್ತೆ ಅಂದ್ರು ಅಮ್ಮ."

ಗುಂಡಿಯ ಬಳಿ ಹೋದ ಮೇಲೆ ಅರುಳಪ್ಪ ಹುಲ್ಲಿನಲ್ಲಿ ಸಾಲಾಗಿದ್ದ ಕಲ್ಲುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದನ್ನು ತಿರುಗಿಸಿದರು. ಇನ್ನೊಂದನ್ನು ಅದರ ಮೇಲೆ ಅಡ್ಡ ಇಟ್ಟರು. ಅಲುಗಲಿಲ್ಲ.

"ಈ ಕಲ್ಲು ಎಲ್ಲಿಂದ ತೆಗೆದ್ರಿ ಮೇಡಂ?"

ತೋರಿಸಿದೆ.

"ಯಾರು ತೆಗೆದಿದ್ದು?"

ನಾನು ಎಂದೆ.

"ಇದು ಪ್ಯಾಕ್," ಎಂದರು. ದನಿ ಏರಿಸಲಿಲ್ಲ. "ಯಾರೋ ನನ್ ಥರದವನು ಕಟ್ಟಿದಾನೆ. ನೋಡಿ, ಚಕ್ಕೆ ಹೆಂಗೆ ಸೇರಿಸಿದಾನೆ. ನಮ್ ಮೇಸ್ತ್ರಿ ಇದ್ದಿದ್ರೆ ಇವನಿಗೆ ಕೆಲ್ಸ ಕೊಡ್ತಿದ್ದ."

ಆಮೇಲೆ ಕುಳಿಗೆ ಇಳಿದು, ಪೊಟರೆಯ ಬಲಗಡೆಯಿಂದ ಬಗ್ಗಿ ಒಳಹೋಗಿ, ಹಾರೆಯಿಂದ ಮೇಲಿನ ಬಂಡೆಯನ್ನು ತಟ್ಟುತ್ತಾ ಬಂದರು. ಬಲಕ್ಕೆ ಗಟ್ಟಿ ಸದ್ದು. ನಡುವೆಯೂ ಗಟ್ಟಿ. ಎಡಕ್ಕೆ, ನಾನು ಕಲ್ಲು ತೆಗೆದ ಜಾಗದ ಮೇಲೆ, ಸದ್ದು ಬೇರೆಯಾಯಿತು. ನನ್ನ ಕಿವಿಗೂ ಅದು ಗೊತ್ತಾಯಿತು. ಅಷ್ಟರಲ್ಲಿ ನಾನೂ ಒಳಗಿದ್ದೆ. ಅವರು ಬಂದಿದ್ದಾರಲ್ಲ, ಮಾತು ಮುರಿದಂತಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಕರಿಯ ಗೆರೆಯ ಪಕ್ಕದಲ್ಲಿ ಅಳತೆಯ ಕೋಲು ಇಟ್ಟು ಚಿತ್ರ ತೆಗೆಯುತ್ತಿದ್ದೆ. ಅದು ಇದ್ದಿಲೇ. ಬೆರಳಿನ ದಪ್ಪದ ಪದರ, ಕಡ್ಡಿಯ ಎಳೆ ಸಹ ಕಾಣುತ್ತಿತ್ತು.

"ಮೇಡಂ, ವಾಂಗ, ಹೊರಗೆ ಬನ್ನಿ."

"ಒಂದೇ ಒಂದು ಫೋಟೋ."

ಕ್ಯಾಮರಾದಲ್ಲಿ ಆ ಚಿತ್ರದ ಸಮಯ ಹತ್ತು ಗಂಟೆ ಇಪ್ಪತ್ತೆರಡು ನಿಮಿಷ ಎಂದಿದೆ. ಅದರ ನಂತರದ್ದನ್ನು ನಾನು ಕ್ರಮವಾಗಿ ಹೇಳಲಾರೆ. ತಲೆಯ ಮೇಲೆ ಒಣ ಕಟ್ಟಿಗೆ ಮುರಿದಂಥ ಸಣ್ಣ ಸದ್ದು. ಹಿಂದಿನಿಂದ ಯಾರೋ ಅಂಗಿಯ ಕಾಲರು ಹಿಡಿದು ಎಳೆದದ್ದು. ಬೆನ್ನು ನೆಲಕ್ಕೆ ಬಡಿದದ್ದು. ಆಮೇಲೆ ದೊಡ್ಡ ಸದ್ದು. ಅದು ಕಿವಿಗಿಂತ ಎದೆಗೆ ಕೇಳಿಸಿತು. ಧೂಳು ಇಳಿಯಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನಾನು ಕೂತಿದ್ದ ಜಾಗದಲ್ಲಿ ಬಾಗಿಲಿನ ಗಾತ್ರದ ಬಂಡೆಯ ಹೋಳು ಮಲಗಿತ್ತು. ಅಳತೆಯ ಕೋಲು ಅದರ ಕೆಳಗಿತ್ತು. ಇದ್ದಿಲೂ ಅದರ ಕೆಳಗೆ.

ಅರುಳಪ್ಪನವರ ಬಲಗೈ ಮೊಣಕೈಯಿಂದ ಕೆಳಗೆ ಸುಲಿದಿತ್ತು. ನನ್ನ ಎಡಗಾಲಿನ ಹೆಬ್ಬೆರಳ ಉಗುರು ಹೋಗಿತ್ತು. ಮೇಲೆ ಅಂಚಿನಲ್ಲಿ ನಿಂತಿದ್ದ ವೆಂಕಟಮ್ಮ ಬೈಯುತ್ತಾ ಇಳಿದು ಬಂದು, ಸೆರಗು ಹರಿದು ಅವರ ಕೈಗೆ ಸುತ್ತಿದರು. "ಒಂದ್ ಅಸ ಸಾಲ್ದು ಅಂತ ಇಬ್ರು ಬೇಕಾಗಿತ್ತಾ ಇದುಕ್ಕೆ? ಎದ್ದೇಳಿ ಮೇಡಮ್ಮ. ಎದ್ದೇಳಿ ಅಂದ್ನಲ್ಲ." ಅವರ ಭುಜ ಹಿಡಿದು ಎದ್ದೆ.

ಬೂದಿಕೋಟೆಯ ಆಸ್ಪತ್ರೆಯಲ್ಲಿ ಇಬ್ಬರಿಗೂ ಪಟ್ಟಿ ಕಟ್ಟಿದರು. ಬೆಂಚಿನ ಮೇಲೆ ಕೂತಿದ್ದಾಗ ಅರುಳಪ್ಪನವರ ಕ್ಷಮೆ ಕೇಳಿದೆ. ಅವರು ಬೇರೇನನ್ನೋ ಯೋಚಿಸುತ್ತಿದ್ದರು. "ಎಷ್ಟ್ ವರ್ಷ ನಿಂತಿತ್ತು ಅದು?" ಎಂದರು.

ಗೊತ್ತಿಲ್ಲ, ಅದನ್ನು ತಿಳಿಯಲಿಕ್ಕೇ ಬಂದದ್ದು ಎಂದೆ.

"ಹೆಂಗಿದ್ರೂ ನಮ್ ಕಂಪನಿಗಿಂತ ಜಾಸ್ತಿ," ಎಂದರು.

ಸುದ್ದಿ ನಮಗಿಂತ ಮೊದಲು ಪಂಚಾಯಿತಿ ಕಚೇರಿ ಮುಟ್ಟಿತ್ತು. ಮಂಗಳವಾರ ಬೆಳಿಗ್ಗೆ ಅರುಳಪ್ಪನವರೂ ನಾನೂ ಪಚ್ಚೆಬಂಡೆಗೆ ಹೋದಾಗ ಜೆಸಿಬಿ ಒಂದು ದಿನ ಮುಂಚೆಯೇ ಬಂದು ನಿಂತಿತ್ತು. ಪಕ್ಕದಲ್ಲಿ ಒಡೆದ ಮನೆಗಳ ಇಟ್ಟಿಗೆ, ಗಾರೆ ತುಂಬಿದ ಎರಡು ಟ್ರ್ಯಾಕ್ಟರ್. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಎಲ್ಲರೂ ಪಿಡಿಒ ಎಂದು ಕರೆಯುವವರು, ಹಾವೇರಿ ಕಡೆಯ ಮೂವತ್ತರ ಯುವಕ, ರಟ್ಟಿನ ಮೇಲೆ ಹಾಳೆ ಸಿಕ್ಕಿಸಿಕೊಂಡು ಕಾಯುತ್ತಿದ್ದರು. ನನ್ನ ಕಾಲಿನ ಪಟ್ಟಿ ನೋಡಿ ತಾವು ಕೂತಿದ್ದ ಕುರ್ಚಿ ಬಿಟ್ಟುಕೊಟ್ಟರು.

"ಕೂಡ್ರಿ ಮೇಡಂ. ದೇವ್ರ ದೊಡ್ಡಾಂವ. ಒಂದು ಸ್ಥಳ ಮಹಜರು ಬರೀಬೇಕ್ರಿ, ಬ್ಯಾರೇನಿಲ್ಲ. ನೀವು, ಆ ಅಜ್ಜಾರು, ಈ ವೆಂಕಟಮ್ಮ, ಮೂರು ಮಂದಿ ಸಹಿ. ನಾ ಬರದ ತಂದೀನಿ."

ಓದಿದರು. ಹಳೆಯ ಗುಂಡಿಯ ಬಂಡೆ ಶಿಥಿಲವಾಗಿದ್ದು, ಸೋಮವಾರ ಬೆಳಿಗ್ಗೆ ತಾನಾಗಿಯೇ ಕುಸಿದಿದೆ. ಜನ, ಜಾನುವಾರಿಗೆ ಅಪಾಯವಿರುವುದರಿಂದ ಕೂಡಲೇ ಮುಚ್ಚುವುದು ಸೂಕ್ತ.

ಆ ಯುವಕ ನನಗೆ ಒಳ್ಳೆಯದನ್ನೇ ಮಾಡುತ್ತಿದ್ದರು. ತಾನಾಗಿಯೇ ಕುಸಿಯಿತು ಎಂದಾದರೆ ತಪ್ಪು ಯಾರದೂ ಅಲ್ಲ. ಆದರೆ ತಾನಾಗಿ ಕುಸಿಯುವ ಗುಂಡಿಯನ್ನು ಉಳಿಸಿ ಎಂದು ಯಾರೂ ಕೇಳುವಂತಿಲ್ಲ; ಮಧ್ಯಾಹ್ನದ ಒಳಗೆ ಟ್ರ್ಯಾಕ್ಟರುಗಳು ಅದರೊಳಗೆ ಖಾಲಿಯಾಗುತ್ತವೆ. ನಾನು ಕುರ್ಚಿಯಲ್ಲಿ ಕೂತೆ. ಪೆನ್ನನ್ನು ಕೈಗೆ ಕೂಡ ತೆಗೆದುಕೊಂಡೆ. ಇದನ್ನೂ ಬರೆಯಬೇಕು.

ಕೊನೆಗೆ ಹೇಳಿದೆ. ಅದು ತಾನಾಗಿ ಬೀಳಲಿಲ್ಲ. ಮೇಲಿನ ಬಂಡೆಯನ್ನು ಹೊತ್ತು ನಿಂತಿದ್ದ ಕಲ್ಲಿನ ಗೋಡೆಯನ್ನು ಭಾನುವಾರ ನಾನು ತೆಗೆದೆ. ನಲವತ್ತೊಂದು ಕಲ್ಲು. ಅಗೋ ಅಲ್ಲಿವೆ. ಅದಕ್ಕೆ ಬಿತ್ತು. ನಾನು ಮುಟ್ಟುವವರೆಗೆ ಅದು ನಿಂತೇ ಇತ್ತು.

ಪಿಡಿಒ ಹಾಳೆಯನ್ನೂ ನನ್ನನ್ನೂ ನೋಡಿದರು. "ಅಲ್ರೀ ಮೇಡಂ, ಹಂಗ ಬರದ್ರ ನಿಮ್ಮ ಪರ್ಮಿಷನ್ ಇವತ್ತ ಹೊಕ್ಕೈತಿ. ಮುಂದ ಯಾವ ಜಿಲ್ಲಾದಾಗೂ ನಿಮಗ ಗುದ್ದಲಿ ಹಿಡಿಯಾಕ ಬಿಡಂಗಿಲ್ಲ. ನಿಮಗ್ಯಾಕ ಬೇಕ್ರೀ ಈ ಉಸಾಬರಿ?" ಆಮೇಲೆ, "ಮತ್ತ ಅದು ಕಟ್ಟಿದ್ ಗ್ವಾಡಿ ಅಂತ ನೀವೊಬ್ರ ಅಂದ್ರ ಆತೇನು? ನೋಡಿದವ್ರು ಹೇಳಬೇಕಲ್ಲ," ಎಂದು ವೆಂಕಟಮ್ಮನ ಕಡೆ ತಿರುಗಿದರು.

ಎಲ್ಲರೂ ಅವರ ಕಡೆ ತಿರುಗಿದೆವು. ಎಂಟು ತಿಂಗಳಿನಿಂದ ಗುಂಡಿ ಮುಚ್ಚಿಸಲು ಪಂಚಾಯಿತಿಗೆ ಅಲೆದವರು ಅವರು. ಮೊದಲ ಅರ್ಜಿಯಲ್ಲಿ ಇದ್ದದ್ದು ಅವರದೇ ಹೆಬ್ಬೆಟ್ಟು. ತಾನಾಗಿ ಬಿತ್ತು ಎಂದು ಒಂದು ಮಾತು ಹೇಳಿದರೆ ಅವರಿಗೆ ಬೇಕಾದದ್ದು ಕಣ್ಣೆದುರೇ ಆಗುತ್ತಿತ್ತು. ಜೆಸಿಬಿಯ ಚಾಲಕ ಅವರ ಅಣ್ಣನ ಮಗನೇ. ಎಂಜಿನ್ ಚಾಲೂ ಮಾಡಿಕೊಂಡೇ ಕೂತಿದ್ದ.

ವೆಂಕಟಮ್ಮ ಗುಂಡಿಯ ಅಂಚಿಗೆ ಹೋಗಿ ಕೆಳಗೆ ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಕೂಗಿದ್ದು ಅಣ್ಣನ ಮಗನಿಗೆ.

"ಲೇ ಮಂಜ, ಆರ್ಸಲಾ ಅದನ್ನ! ಮಾತಾಡೋದು ಕೇಳಾಕಿಲ್ಲ."

ಎಂಜಿನ್ ನಿಂತಿತು.

"ಬರ್ಕಳಿ ಸ್ವಾಮಿ. ಮುಚ್ಚಬೇಕು ಅಂತ ಅರ್ಜಿ ಕೊಟ್ಟೋಳು ನಾನೇ. ಆದ್ರೆ ಆ ಕಲ್ಲ ಈಯಮ್ಮ ತೆಗೆದ್ಲು, ನಾನೂ ಕೈ ಆಕಿದೀನಿ. ಒಂದೊಂದ್ನೂ ಇಡ್ದು ಅಲ್ಲಾಡ್ಸಿ ಕೀಳ್ಬೇಕಾಗಿತ್ತು, ಅಂಗೆ ಕೂತಿತ್ತು. ಸುಮ್ಕೆ ಬಿದ್ದಿರೋ ಕಲ್ಲ ಅಂಗೆ ಕೂರಾಕಿಲ್ಲ. ತೆಗೆದ್ವಿ, ಮಾರ್ನೆ ದಿವ್ಸ ಬಿತ್ತು. ನೋಡಿದ್ದೇ ಏಳ್ತೀನಿ, ನೋಡ್ದೆ ಇರೋದು ಏಳಾಕಿಲ್ಲ. ನನ್ನ ಅಸ ಸತ್ತಿದ್ದು ಮೇಲ್ಗಡೆ ಅಳ್ಳದಾಗೆ. ಈ ಬಂಡೆ ಅದುಕ್ಕೇನೂ ಮಾಡ್ಲಿಲ್ಲ."

"ಹಂಗಾದ್ರ ಮುಚ್ಚೂದು ಬ್ಯಾಡ ಅಂತೀರೇನು?"

"ಯಾರಂದ್ರು? ಬಾಯಿಗೆ ಗೋಡೆ ಕಟ್ಟಿ. ಇನ್ನೊಂದ್ ಅಸ ಐತೆ ನನಗೆ."

ಪಿಡಿಒ ಹೊಸ ಹಾಳೆ ತೆಗೆದರು. ಕೋಲಾರದ ಕಚೇರಿಗೆ ಎರಡು ಸಲ ಫೋನು ಮಾಡಿದರು. ಸಿಗ್ನಲ್ಲಿಗಾಗಿ ಬಂಡೆಯ ಮೇಲೆ ಹತ್ತಬೇಕಾಯಿತು. ಇಳಿದು ಬಂದು ಹೇಳಿದ್ದು ಇಷ್ಟು: ಮನುಷ್ಯರು ಕಟ್ಟಿದ್ದು ಒಳಗಿದೆ ಎಂದಾದ ಮೇಲೆ ಕಸ ತುಂಬುವಂತಿಲ್ಲ. ತೆಗೆದ ಕಲ್ಲುಗಳನ್ನು ಇದ್ದ ಹಾಗೆ ಮರಳಿ ಜೋಡಿಸಿ, ಕುಳಿಯ ಸುತ್ತ ಎದೆಯೆತ್ತರ ಗೋಡೆ ಎಬ್ಬಿಸಿ ಬಿಡಬೇಕು. ಯಾರೂ ಅಗೆಯುವಂತಿಲ್ಲ. ನನ್ನ ಅನುಮತಿ ಆ ಗಂಟೆಯಿಂದಲೇ ರದ್ದು. ಕುಳಿಯೊಳಗೆ ನಾನು ಕಾಲಿಡಬಾರದು. ನಾನು ಹೇಳಿದ್ದನ್ನು ಅವರು ಇದ್ದ ಹಾಗೇ ಬರೆದಿದ್ದರು, ಒಂದಕ್ಷರ ಹೆಚ್ಚು ಕಡಿಮೆ ಇರಲಿಲ್ಲ. ಮೂವರೂ ಸಹಿ, ಹೆಬ್ಬೆಟ್ಟು ಹಾಕಿದೆವು. ಟ್ರ್ಯಾಕ್ಟರುಗಳು ತುಂಬಿದ ಹಾಗೇ ಹಿಂದಿರುಗಿದವು.

ಬುಧವಾರ ನಾನು ಹೊರಡಬೇಕಾದ ದಿನ. ಬೆಳಿಗ್ಗೆ ಅರುಳಪ್ಪ ಕೈಯ ಪಟ್ಟಿಯ ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡು ಬಂದರು. ಮಂಜ ಜೆಸಿಬಿ ಬಿಟ್ಟು ನೀಲಗಿರಿಯ ಆರು ಕಂಬಗಳನ್ನು ತಂದಿದ್ದ. ಅವನ್ನು ಮೇಲಿನ ಬಂಡೆಗೆ ಒತ್ತು ಕೊಟ್ಟು ನಿಲ್ಲಿಸಿ, ಮತ್ತೆ ಮತ್ತೆ ತಟ್ಟಿ ಕೇಳಿ, ಸಮಾಧಾನವಾದ ಮೇಲಷ್ಟೇ ವೆಂಕಟಮ್ಮನನ್ನು ಒಳಗೆ ಕರೆದರು. ಊರಿನ ಐದಾರು ಹೆಂಗಸರು ಹೊರಗೆ ಗೋಡೆಗೆ ಕಲ್ಲು ಹೊರುತ್ತಿದ್ದರು. ನಾನು ಕುಳಿಯ ಅಂಚಿನಲ್ಲಿ ಸಾಲುಗಳ ಪಕ್ಕ ಕೂತು, ಚಿತ್ರಗಳನ್ನು ನೋಡಿಕೊಂಡು, ಕಡೆಯದರಿಂದ ಶುರುಮಾಡಿ ಒಂದೊಂದೇ ಸಂಖ್ಯೆ ಕೂಗಿ ಮಂಜನ ಕೈಗೆ ಕೊಡುತ್ತಾ ಹೋದೆ.

ಬಿದ್ದ ಹೋಳನ್ನು ಎತ್ತುವ ಮಾತೇ ಇರಲಿಲ್ಲ. ಅದರ ಮೇಲಿಂದಲೇ ಗೋಡೆ ಬರಬೇಕು ಎಂದರು ಅರುಳಪ್ಪ. ಇದ್ದಿಲಿನ ಪದರ ಅದರ ಅಡಿಯಲ್ಲಿ ಭದ್ರವಾಗಿ ಸೇರಿಹೋಯಿತು. ಮುಂದೆಂದಾದರೂ, ನನಗಿಂತ ತಿಳಿದವರು, ತಲೆಯ ಮೇಲಿನ ಬಂಡೆಗೆ ಒತ್ತು ಕೊಟ್ಟುಕೊಂಡು ಅದನ್ನು ತೆಗೆಯಬಹುದು. ಅದು ಎಷ್ಟು ಹಳೆಯದು ಎಂದು ಓದುಗರಲ್ಲಿ ಯಾರಾದರೂ ಕೇಳಿದರೆ, ನನಗೆ ಗೊತ್ತಿಲ್ಲ. ತಾಮ್ರಕ್ಕಾಗಿಯೇ ಅಗೆದದ್ದೇ ಎಂದರೆ, ಹಸಿರನ್ನು ನೋಡಿದ್ದೇನೆ, ಬೆಂಕಿಯ ಗೋಡೆಯನ್ನು ನೋಡಿದ್ದೇನೆ. ಅದಕ್ಕಿಂತ ಹೆಚ್ಚು ಹೇಳಲಾರೆ. ಒಳಗೆ ದುಡಿಯುವವರ ತಲೆಯ ಮೇಲೆ ಬಂಡೆ ಬೀಳಬಾರದು ಎಂದು ಯೋಚಿಸಿದ ಒಬ್ಬರು ಅವರಲ್ಲಿದ್ದರು ಎಂದು ಮಾತ್ರ ಖಚಿತವಾಗಿ ಬರೆಯಬಲ್ಲೆ.

ಮಧ್ಯಾಹ್ನದ ಮೇಲೆ ಒಳಗೆ ಏನು ನಡೆಯುತ್ತಿದೆ ಎಂದು ನನಗೆ ಕಾಣುತ್ತಿರಲಿಲ್ಲ. ಮಾತು ಮಾತ್ರ ಕೇಳುತ್ತಿತ್ತು.

"ಇದು ಇಲ್ಲಿ ಕೂರಲ್ಲ ತಾತ."

"ನಂಬರ್ ಪ್ರಕಾರ ಇಲ್ಲೇ ಅಮ್ಮ."

"ನಂಬರ್ ಏಳಿದ್ರೆ ಕಲ್ಲ ಕೇಳ್ತದಾ? ತಿರ್ಗಿಸಿ. ಈ ಕಡೀಕೆ. ಆಂ, ಈಗ ಕೂತ್ಕಂತು."

ಆಮೇಲೆ ಅರುಳಪ್ಪನವರ ದನಿ: "ಮೇಡಂ, ನೀವು ತಲೆಕೆಳಗೆ ಬರೆದಿದೀರ."

ಚಿತ್ರ ತೆರೆದು ನೋಡಿದೆ. ನಿಜ. ಇಪ್ಪತ್ತಾರನೆಯ ಕಲ್ಲಿನ ಮೇಲೆ ಸಂಖ್ಯೆಯನ್ನು ತಲೆಕೆಳಗಾಗಿ ಹಾಕಿದ್ದೆ. ತಪ್ಪಾಗಿದೆ ಎಂದು ಕುಳಿಯೊಳಕ್ಕೆ ಕೂಗಿ ಹೇಳಿದೆ.

"ಆಗ್ಲಿ, ಮುಂದಿಂದು ಕೊಡಿ," ಎಂದರು ವೆಂಕಟಮ್ಮ ಒಳಗಿನಿಂದ.

ನಾಲ್ಕೂವರೆಯ ಬಸ್ಸಿನ ಹೊತ್ತಿಗೆ ಇನ್ನೂ ಹನ್ನೊಂದು ಕಲ್ಲು ಉಳಿದಿದ್ದವು. ಉಳಿದ ಚಿತ್ರಗಳನ್ನು ಮಂಜನ ಫೋನಿಗೆ ಕಳಿಸಿ, ಯಾವುದರ ತಲೆ ಯಾವ ಕಡೆ ಎಂದು ಒಂದೊಂದರ ಮೇಲೂ ಸೀಮೆಸುಣ್ಣದಿಂದ ಬಾಣ ಎಳೆದು, ಕುಂಟುತ್ತಾ ರಸ್ತೆಗೆ ನಡೆದೆ. ಪಚ್ಚೆಬಂಡೆ ಕಾಣುವ ತಿರುವನ್ನು ಬಸ್ಸು ದಾಟುವಾಗ ಹಿಂದೆ ನೋಡಿದೆ. ಮಂಜ ಅಂಚಿನಲ್ಲಿ ಬಗ್ಗಿ ಒಂದು ಕಲ್ಲನ್ನು ಒಳಕ್ಕೆ ಇಳಿಸುತ್ತಿದ್ದ. ಕುಳಿಯೊಳಗಿಂದ ಎರಡು ಕೈ ಮೇಲೆ ಬಂದು ಅದನ್ನು ತೆಗೆದುಕೊಂಡವು.